ಮೊದಲು ನಿಲ್ಲಿಸು, ಆಮೇಲೆ ಹೇಳು

ಮನೆಯಲ್ಲಿ ನಲವತ್ತು ಲೀಟರ್ ಬಿಯರ್ ಮಾಡಲು ಒಂಬತ್ತು ಕಿಲೋ ಬಾರ್ಲಿ ಬೇಕು, ಮೊಳಕೆ ಬರಿಸಿ ಒಣಗಿಸಿದ್ದು. ಅದು ಅಷ್ಟೇನೂ ದುಬಾರಿಯಲ್ಲ. ದುಬಾರಿ ಅಂದರೆ ಹಾಪ್ಸ್ ಎಂಬ ಕಹಿ ಹೂವು. ಒಂದು ಪೊಟ್ಟಣದ ಬೆಲೆಗೆ ಒಂದು ಜೊತೆ ಒಳ್ಳೆಯ ಚಪ್ಪಲಿ ಬರುತ್ತದೆ. ಯೀಸ್ಟಿಗೆ ಚಿಲ್ಲರೆ ದುಡ್ಡು. ಐವತ್ತು ಲೀಟರಿನ ಉಕ್ಕಿನ ಡ್ರಮ್ಮು ಗುಜರಿಯಲ್ಲಿ ಸಿಕ್ಕಿತು, ಹಳೆ ಸೈಕಲ್ಲಿನ ಬೆಲೆಗೆ. ಎಲ್ಲ ಕೂಡಿಸಿದರೆ ಅಂಗಡಿಯ ಬಾಟಲಿಗಿಂತ ನನ್ನ ಬಾಟಲಿ ತುಸು ತುಟ್ಟಿಯೇ. ಮತ್ತೆ ಯಾಕೆ ಮಾಡ್ತೀರಿ ಎಂದು ಹೆಂಡತಿ ಕೇಳಿದಾಗ, "ಇನ್ನೇನು ಮಾಡ್ಲಿ, ನೀನೇ ಹೇಳು" ಅಂದಿದ್ದೆ. ನಮ್ಮ ಕಾರ್ಖಾನೆ ಮುಚ್ಚಿ ಆಗ ಐದು ತಿಂಗಳಾಗಿತ್ತು.

ಅಲ್ಲಿ ನಾನು ಸ್ಟೋರ್ ಕೀಪರ್. ಮೂವತ್ತೊಂದು ವರ್ಷ ನಟ್ಟು, ಬೋಲ್ಟು, ವಾಷರ್ ಎಣಿಸಿ ಕೊಟ್ಟವನು. ಹಾಗಾಗಿ ಗೆಳೆಯರಿಗೆ ನಾನು ಬರೀ 'ಸ್ಟೋರು'. ಗೆಳೆಯರು ಅಂದರೆ ಇಬ್ಬರೇ, ಬಾಯ್ಲರ್ ಮನೆಯ ಫಿಟ್ಟರ್ ಮತ್ತು ವೆಲ್ಡರ್. ಬೇರೆಯವರು ಬಿಗಿ ಮಾಡಿದ ನಟ್ಟಿಗೆ ಫಿಟ್ಟರ್ ಇನ್ನೊಂದು ಅರ್ಧ ಸುತ್ತು ಕೊಡದೆ ಬಿಡುತ್ತಿರಲಿಲ್ಲ. ಅದಕ್ಕೇ ಅವನ ಹೆಸರು 'ಅರ್ಧಸುತ್ತು' ಅಂತ ಬಿದ್ದಿತ್ತು.

ಬಾಯ್ಲರ್ ಮನೆಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಸಾಲು ಬರೆದಿತ್ತು: ಮೊದಲು ನಿಲ್ಲಿಸು, ಆಮೇಲೆ ಹೇಳು. ಎಲ್ಲಾದರೂ 'ಸ್ಸ್' ಎಂದು ಸದ್ದು ಕೇಳಿದರೆ ಮೇಲಿನವರಿಗೆ ಹೇಳಲು ಓಡಬಾರದು. ಕೇಳಿದವನೇ ಮೊದಲು ಸೋರಿಕೆ ನಿಲ್ಲಿಸಬೇಕು. ಫಿಟ್ಟರ್ ಆ ಸಾಲನ್ನು ಮೈಗೂಡಿಸಿಕೊಂಡಿದ್ದ. ತಾನು ಹಾಕಿದ ಕೀಲಿನಿಂದ ಮೂವತ್ತು ವರ್ಷದಲ್ಲಿ ಒಂದು ಹನಿ ಸೋರಿಲ್ಲ ಅನ್ನುತ್ತಿದ್ದ. ಕೊಚ್ಚಿಕೊಳ್ಳುತ್ತಿರಲಿಲ್ಲ, ನಿಜವನ್ನೇ ಹೇಳುತ್ತಿದ್ದ.

ಕಾರ್ಖಾನೆ ಮುಚ್ಚಿದ ಮೇಲೆ ಅವನು ಮಂಕಾದ. ಅವನ ಹೆಂಡತಿ ನಮ್ಮ ಮನೆಗೆ ಬಂದು, "ಅಣ್ಣಾ, ಬೆಳಿಗ್ಗೆ ಎದ್ದು ಬೂಟು ಹಾಕ್ಕೋತಾರೆ. ಹಾಕ್ಕೊಂಡು ಮಂಚದ ಮೇಲೇ ಕೂತಿರ್ತಾರೆ. ಮಧ್ಯಾಹ್ನ ಬಿಚ್ತಾರೆ" ಅಂದಳು. ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ.

ಬಿಯರ್ ಮಾಡುವುದನ್ನು ನಾನು ಕಲಿತದ್ದು ಭಾವಮೈದನಿಂದ. ಅವನು ಒಂದು ಚಿಕ್ಕ ಬ್ರೂವರಿಯಲ್ಲಿ ಕೆಲಸಕ್ಕಿದ್ದಾನೆ. ಇದಕ್ಕೆ ಕ್ರಾಫ್ಟ್ ಬಿಯರ್ ಅಂತಾರೆ, ಗಟಗಟ ಕುಡಿಯೋದಲ್ಲ ಅಂತ ಅವನೇ ಹೇಳಿಕೊಟ್ಟದ್ದು. ಮೊದಲ ಸಲದ್ದು ಬಾಟಲಿಗೆ ಇಳಿದ ಮೇಲೆ ಒಂದು ಭಾನುವಾರ ಇಬ್ಬರನ್ನೂ ಕರೆದೆ.

ವೆಲ್ಡರ್ ಲೋಟ ಎತ್ತಿ ಬೆಳಕಿಗೆ ಹಿಡಿದ. "ಏನೋ ಇದು, ಮೋಡ ಕಟ್ಟಿದೆ? ಕೆಟ್ಟೋಗಿದ್ಯಾ?"

"ಸೋಸಿಲ್ಲ. ಹಾಗೇ ಇರಬೇಕು."

"ಐಸು?"

"ಐಸ್ ಹಾಕಿದ್ರೆ ರುಚಿ ಸಾಯುತ್ತೆ."

"ಬದುಕಿರೋದು ಹೇಗಿದೆ ನೋಡೋಣ." ಒಂದು ಗುಟುಕು ಕುಡಿದು ಮುಖ ಹಿಂಡಿದ. "ಅಯ್ಯಪ್ಪಾ! ಸ್ಟೋರೂ, ನಿನಗೆ ನಾನು ಏನಾದ್ರೂ ಅನ್ಯಾಯ ಮಾಡಿದೀನೇನೋ? ಬೇವಿನ ಕಡ್ಡಿ ಜಗಿದ ಹಾಗಿದೆ."

ಫಿಟ್ಟರ್ ಎರಡನೆಯ ಗುಟುಕು ಕುಡಿದ, ಮೂರನೆಯದು ಕುಡಿದ. ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದ. ಆಮೇಲೆ, "ಮೊದಲು ಕಹಿ, ಹಿಂದಿನಿಂದ ಸುಟ್ಟ ರೊಟ್ಟಿ ವಾಸನೆ ಬರುತ್ತೆ" ಅಂದ.

"ಲೋ ಅರ್ಧಸುತ್ತು, ನಿನಗೆ ಗ್ರೀಸ್ ಕೊಟ್ರೂ ನೆಕ್ಕಿ ಕಂಪನಿ ಹೆಸರು ಹೇಳ್ತೀಯ" ಅಂದ ವೆಲ್ಡರ್. ಆದರೆ ಅವನ ಲೋಟವೂ ಖಾಲಿಯಾಗಿತ್ತು. ಇನ್ನೊಂದು ಸಲ ಮುಂದೆ ಚಾಚಿದ.

ಐದು ತಿಂಗಳಲ್ಲಿ ಫಿಟ್ಟರ್ ನಗುವುದನ್ನು ನಾನು ನೋಡಿದ್ದು ಅವತ್ತೇ ಮೊದಲು. "ಇದನ್ನ ಎಲ್ಲಿ ಮಾಡಿದೆ? ತೋರಿಸು" ಅಂತ ಎದ್ದ. ಹಿತ್ತಲ ಕೋಣೆಗೆ ಕರೆದುಕೊಂಡು ಹೋದೆ. ಡ್ರಮ್ಮಿನ ನಲ್ಲಿಯ ಬುಡದಲ್ಲಿ ಒಂದು ಹನಿ ತೂಗಾಡುತ್ತಿತ್ತು. ಅವನು ಅದನ್ನು ಬೆರಳಲ್ಲಿ ಒರೆಸಿ ನನ್ನ ಮುಖ ನೋಡಿದ, ಮನೆಯೊಳಗೆ ಹಾವು ಸಾಕಿಕೊಂಡವನನ್ನು ನೋಡುವ ಹಾಗೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಬಾಗಿಲು ತಟ್ಟಿದ. ಬೂಟು ಹಾಕಿದ್ದ, ಕೈಯಲ್ಲಿ ಸ್ಪ್ಯಾನರ್ ಚೀಲ. ನಲ್ಲಿ ಬಿಚ್ಚಿ, ಟೇಪು ಸುತ್ತಿ, ಕೂರಿಸಿದ. ಆಮೇಲೆ ದಿನಾ ಎಂಟಕ್ಕೆ ಬರತೊಡಗಿದ. ಬಾಟಲಿ ತೊಳೆದ, ಕಪಾಟಿಗೆ ಹಲಗೆ ಹೊಡೆದ. ಅವನ ಹೆಂಡತಿ ದಾರಿಯಲ್ಲಿ ಸಿಕ್ಕಾಗ ನನ್ನ ಕೈ ಹಿಡಿದುಕೊಂಡಳು. ಹಿತ್ತಲ ಕೋಣೆಯ ಇನ್ನೊಂದು ಕೀಲಿಕೈಯನ್ನು ನಾನು ಅವನಿಗೇ ಕೊಟ್ಟುಬಿಟ್ಟೆ.

ಎರಡನೆಯ ಸಲ ಮಾಡಿದ್ದು ಒಂದು ಶನಿವಾರ. ಬಾರ್ಲಿ ಬೇಯಿಸಿ, ರಸ ಬಸಿದು, ಹಾಪ್ಸ್ ಹಾಕಿ ಕುದಿಸುವ ತನಕ ಅವನು ನನ್ನ ಜೊತೆಗಿದ್ದ. ರಸ ಆರಲು ಹೊತ್ತು ಹಿಡಿಯಿತು. ಅವನು ಮನೆಗೆ ಹೋದ. ಸಂಜೆ ನಾನೊಬ್ಬನೇ ಯೀಸ್ಟ್ ಹಾಕಿ ಮುಚ್ಚಳ ಕೂರಿಸಿ, ಅದನ್ನು ಹಿಡಿದಿಡುವ ಕಬ್ಬಿಣದ ಬಳೆಯನ್ನು ಸುತ್ತ ಬಿಗಿದೆ. ಮುಚ್ಚಳದ ತೂತಿನಿಂದ ಒಂದು ರಬ್ಬರ್ ಕೊಳವೆ ತೆಗೆದು ನೀರಿನ ಬಾಟಲಿಯಲ್ಲಿ ಮುಳುಗಿಸಿದೆ. ರಸ ಹುಳಿ ಬರುವಾಗ ಗಾಳಿ ಹುಟ್ಟುತ್ತದೆ. ಅದು ಆ ಕೊಳವೆಯಿಂದ ಗುಳುಗುಳು ಅಂತ ಆಚೆ ಹೋಗಬೇಕು. ಫಿಟ್ಟರ್ ಅದನ್ನು ಕಂಡಿರಲಿಲ್ಲ. ಮೊದಲ ಸಲದ್ದು ಅವನು ಬರುವ ಹೊತ್ತಿಗೆ ಬಾಟಲಿ ಸೇರಿತ್ತು.

ಭಾನುವಾರ ಬೆಳಿಗ್ಗೆ ನಾನೊಬ್ಬನೇ ಮಗಳ ಊರಿಗೆ ಹೊರಡಬೇಕಿತ್ತು, ಮೂರು ದಿನಕ್ಕೆ. ಅವನಿಗೆ ಫೋನ್ ಮಾಡಿ, ದಿನಕ್ಕೊಂದು ಸಲ ಬಂದು ನೋಡಿ ಹೋಗು ಅಂದೆ. ಏನನ್ನೂ ಮುಟ್ಟಬೇಡ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಕೆಲಸವಿಲ್ಲದೆ ಕುಗ್ಗಿದ್ದ ಮನುಷ್ಯ, ಈಗಷ್ಟೇ ತಲೆ ಎತ್ತಿದ್ದಾನೆ. ಮುಟ್ಟಬೇಡ ಅಂದರೆ ನೊಂದುಕೊಳ್ಳುತ್ತಾನೆ ಅನಿಸಿತು. ನುಂಗಿಕೊಂಡೆ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅವನೇ ಫೋನ್ ಮಾಡಿದ. ದನಿ ಹುರುಪಾಗಿತ್ತು.

"ಸ್ಟೋರೂ, ನಿನ್ನೆ ಬಂದಾಗ ನಿನ್ನ ಡ್ರಮ್ಮು ಸೋರ್ತಾ ಇತ್ತು ಕಣೋ. ಗಾಳಿ. ಆ ರಬ್ಬರ್ ಕೊಳವೆ ಯಾವ ಪುಣ್ಯಾತ್ಮ ಹಾಕಿದ್ದು? ಕಿತ್ತು ಬಿಸಾಕಿ ತೂತಿಗೆ ಹಿತ್ತಾಳೆ ಪ್ಲಗ್ ಹಾಕಿದೀನಿ. ಬಳೆಗೂ ಅರ್ಧ ಸುತ್ತು ಕೊಟ್ಟೆ. ಈಗ ತುಟಿಪಿಟಿಕ್ ಅನ್ತಿಲ್ಲ."

ನಾನು ವಾಪಸು ಹೊರಟು ಬಸ್ಸಿನ ನಿಲ್ದಾಣದಲ್ಲಿ ನಿಂತಿದ್ದೆ. ಚೀಲ ಕೆಳಗಿಟ್ಟು ಫೋನನ್ನು ಕಿವಿಗೆ ಒತ್ತಿಕೊಂಡೆ.

"ಈಗ ಎಲ್ಲಿದೀಯ?"

"ಇಲ್ಲೇ, ಡ್ರಮ್ಮಿನ ಪಕ್ಕ. ಮುಚ್ಚಳ ಸ್ವಲ್ಪ ಉಬ್ಬಿದ ಹಾಗಿದೆ, ಅದಕ್ಕೇ ಕೇಳೋಣ ಅಂತ..."

"ಆಚೆ ಬಾ. ಬಾಗಿಲು ಹಾಕ್ಕೊಂಡು ಆಚೆ ಬಾ. ಅದು ಸೋರಿಕೆ ಅಲ್ಲ ಮಾರಾಯ, ಗಾಳಿ ಹೋಗೋಕೆ ಅಂತಾನೇ ಬಿಟ್ಟಿದ್ದು. ನಿನ್ನೆಯಿಂದ ಒಳಗೇ ತುಂಬ್ತಾ ಇದೆ."

ಅವನು ಬೆರಳಿನಿಂದ ಮುಚ್ಚಳ ತಟ್ಟಿದ್ದು ಕೇಳಿಸಿತು. ಎಷ್ಟು ಒತ್ತಡ, ಎಷ್ಟು ದಪ್ಪದ ತಗಡು, ಎಲ್ಲ ಲೆಕ್ಕ ಹಾಕುತ್ತಿದ್ದಾನೆ ಅಂತ ನನಗೆ ಗೊತ್ತಾಯಿತು.

"ಅಕ್ಕ ಹಿತ್ತಲಲ್ಲಿ ಬಟ್ಟೆ ಹಾಕ್ತಿದ್ದಾರೆ" ಅಂದ. ನನ್ನ ಹೆಂಡತಿಯನ್ನು ಅವನು ಅಕ್ಕ ಅನ್ನುತ್ತಿದ್ದ. "ಅಕ್ಕಾ, ಒಳಗೆ ಹೋಗಿ!" ಎಂದು ಕೂಗಿದ್ದು ಕೇಳಿಸಿತು. ಆಮೇಲೆ ನನಗೆ, "ನಾನು ಹಾಕಿದ್ದು, ನಾನೇ ಬಿಚ್ತೀನಿ."

"ಬೇಡ ಕಣೋ! ಕೇಳು ನನ್ನ ಮಾತು."

"ಒತ್ತಡ ಏರಿದಾಗ ಓಡ್ಹೋದವನನ್ನ ನಮ್ಮ ಬಾಯ್ಲರ್ ಮನೇಲಿ ಯಾವತ್ತಾದ್ರೂ ನೋಡಿದೀಯಾ? ಮೆಲ್ಲಗೆ ಬಿಡ್ತೀನಿ. ಗಾಬರಿ ಬೀಳ್ಬೇಡ."

ಫೋನನ್ನು ಎಲ್ಲೋ ಇಟ್ಟ. ಸ್ಪ್ಯಾನರ್ ಕೂತ ಸದ್ದು ಬಂತು. ಅವನು ಮಾಡಿದ್ದರಲ್ಲಿ ತಪ್ಪಿಲ್ಲ; ಬಾಯ್ಲರ್ ಆಗಿದ್ದರೆ ಅದೇ ಸರಿ. ಆದರೆ ಬಾಯ್ಲರಿನ ಗೋಡೆ ಬೆರಳು ದಪ್ಪ. ನನ್ನ ಗುಜರಿ ಡ್ರಮ್ಮಿನ ಮುಚ್ಚಳ ಕಾಳು ತುಂಬಿಡಲು ಮಾಡಿದ್ದು. ಅವನ ಪ್ಲಗ್ ಅಲುಗಲಿಲ್ಲ, ಬಳೆ ಕಳಚಿಕೊಂಡಿತು.

ದೊಡ್ಡ ಸದ್ದೇನೂ ಆಗಲಿಲ್ಲ. ಮೂಟೆಯೊಂದನ್ನು ನೆಲಕ್ಕೆ ಒಗೆದ ಹಾಗೆ, ಅಷ್ಟೇ. ಆಮೇಲೆ ನನ್ನ ಹೆಂಡತಿ ಕಿರುಚಿದ್ದು ಕೇಳಿತು.

ಮುಚ್ಚಳದ ಅಂಚು ಅವನ ಹಣೆಯಿಂದ ಕೆನ್ನೆಯ ತನಕ ಸೀಳಿತ್ತು. ಬಲಗಣ್ಣು ಉಳಿಯಲಿಲ್ಲ. ವೆಲ್ಡರ್ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು, "ಅದು ಸೋರ್ತಾನೇ ಇತ್ತು ಅಂತ ಹೇಳಿಬಿಡು ಅವನಿಗೆ. ಫೋನಲ್ಲಿ ಹೇಳಿದ್ದು ಗಾಬರೀಲಿ ಅನ್ನು. ಕಣ್ಣಂತೂ ಹೋಯ್ತು, ಕೈ ಮೇಲಿನ ನಂಬಿಕೆಯಾದ್ರೂ ಉಳೀಲಿ" ಅಂದ. ಯೋಚಿಸುತ್ತೇನೆ ಅಂದೆ.

ಒಂದು ತಿಂಗಳು ಕಳೆದು ಇಬ್ಬರೂ ಮನೆಗೆ ಬಂದರು. ಫಿಟ್ಟರ್ ಚಪ್ಪಲಿಯಲ್ಲಿ ಬಂದಿದ್ದ. ಮೊದಲ ಸಲದ ಬಿಯರ್ ಮೂರು ಬಾಟಲಿ ಉಳಿದಿತ್ತು. ಎಲ್ಲರೂ ಬೇಡ ಅಂದರೂ ತಾನೇ ಸುರಿಯುತ್ತೇನೆಂದು ಅವನು ಬಾಟಲಿ ಎತ್ತಿದ. ಒಂದೇ ಕಣ್ಣಿನವನಿಗೆ ದೂರ ತಿಳಿಯುವುದಿಲ್ಲ. ಅರ್ಧ ಬಿಯರು ಲೋಟದ ಆಚೆ ಮೇಜಿನ ಮೇಲೆ ಬಿತ್ತು, ಅಂಚಿನಿಂದ ಹನಿಹನಿಯಾಗಿ ನೆಲಕ್ಕಿಳಿಯಿತು.

"ಮೂವತ್ತು ವರ್ಷಕ್ಕೆ ಮೊದಲನೇ ಸೋರಿಕೆ ಕಣೋ" ಅಂದ ವೆಲ್ಡರ್. ಅಂದವನು ತಾನೇ ತಲೆ ತಗ್ಗಿಸಿದ.

ಫಿಟ್ಟರ್ ತನ್ನ ಅಂಗಿಯ ತುದಿಯಿಂದ ಮೇಜು ಒರೆಸಿದ. "ಸ್ಟೋರೂ, ನಿಜ ಹೇಳು. ಅದು ಸೋರ್ತಿರ್ಲಿಲ್ಲ ಅಲ್ವಾ?"

ವೆಲ್ಡರ್ ನನ್ನ ಮುಖವನ್ನೇ ನೋಡುತ್ತಿದ್ದ. ಮೂವತ್ತು ವರ್ಷದಲ್ಲಿ ಈ ಮನುಷ್ಯನಿಗೆ ನಾನು ತಪ್ಪು ಅಳತೆಯ ನಟ್ಟು ಕೊಟ್ಟವನಲ್ಲ.

"ಇಲ್ಲ. ನಾನು ಹೇಳ್ಬೇಕಿತ್ತು. ಮುಟ್ಬೇಡ ಅಂದ್ರೆ ನಿನಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

"ಬೇಜಾರಾಗ್ತಿತ್ತು" ಅಂದ ಅವನು. "ಎರಡು ದಿನ. ಆಮೇಲೆ ಸರಿಹೋಗ್ತಿತ್ತು."

ಲೋಟದಲ್ಲಿದ್ದಷ್ಟನ್ನು ಕುಡಿದು ಮುಗಿಸಿದ. ಹಿತ್ತಲ ಕೋಣೆಯ ಕೀಲಿಕೈಯನ್ನು ಜೇಬಿನಿಂದ ತೆಗೆದು ಒದ್ದೆ ಮೇಜಿನ ಮೇಲಿಟ್ಟು, ವೆಲ್ಡರನ ಹೆಗಲು ಹಿಡಿದುಕೊಂಡು ಮೆಟ್ಟಿಲಿಳಿದ.

ನಲವತ್ತು ಲೀಟರ್ ಬಿಯರೂ ಡ್ರಮ್ಮೂ ಹೋದವು, ಅವು ದೊಡ್ಡದಲ್ಲ. ಅವನು ಒಂದು ಕಣ್ಣು ಕಳೆದುಕೊಂಡ, ಅದರ ಜೊತೆ ಕಸುಬನ್ನೂ. ಬೆಳಿಗ್ಗೆ ಎಂಟಕ್ಕೆ ನಮ್ಮ ಬಾಗಿಲು ಈಗ ಯಾರೂ ತಟ್ಟುವುದಿಲ್ಲ.