ಠಾಣೆಗೆ ಮೆಟ್ಟಿಲು ಕಟ್ಟಿದ್ದು

"ಎಷ್ಟು ಸಲ ಬೊಗಳ್ಬೇಕೇ ಕರಿ ಮೂದೇವಿ? ನಿನ್ನ ಮಗ ಮೆಟ್ಟಿಲಿಂದ ಉರುಳಿಬಿದ್ದು ಸತ್ತ. ಮುಗೀತು. ಎದ್ದು ನಡಿ!"

ಗಾರೆಯವ್ವ ಏಳಲಿಲ್ಲ. ಇಟ್ಟಿಗೆ ಹೊತ್ತು ಹೊತ್ತು ನೆತ್ತಿ ಚಪ್ಪಟೆಯಾದ ಹೆಂಗಸು. ಠಾಣೆಯ ಸೂರು ನೋಡಿದಳು, ಮೂಲೆ ನೋಡಿದಳು, ಹಿಂಬಾಗಿಲು ನೋಡಿದಳು.

"ಮೆಟ್ಟಿಲು ಎಲ್ಲಿದೆ ಸಾಹೇಬ್ರೇ?"

ಸಾಹೇಬನೂ ನೋಡಿದ. ಒಂದೇ ಅಂತಸ್ತಿನ ಠಾಣೆ, ಹೊಸ್ತಿಲೂ ನೆಲಕ್ಕೆ ಸಮ. ಕರಿಯರ ಕೇರಿಯವರು ಅಲ್ಲಿ ವರ್ಷಗಟ್ಟಲೆ ಮೆಟ್ಟಿಲಿಂದ ಬೀಳುತ್ತಲೇ ಇದ್ದರು. ಕೈ ಮುರಿದವರು, ಹಲ್ಲು ಉದುರಿದವರು. ಒಬ್ಬನಂತೂ ಕೂತಲ್ಲೇ ಕೂತು ಬಿದ್ದಿದ್ದ. ಆದರೆ ಬೀಳೋಕೆ ಮೆಟ್ಟಿಲೇ ಇಲ್ಲ ಅನ್ನೋದು ಬಿಳಿ ಮೈಯ ಒಬ್ಬ ಅಧಿಕಾರಿಗೂ ಈವರೆಗೆ ಹೊಳೆದಿರಲಿಲ್ಲ.

"ರಿಪೇರಿಗೆ ಹೋಗಿದೆ," ಅಂದ ಸಾಹೇಬ.

"ಮೆಟ್ಟಿಲಾ?"

"ಹೂಂ. ಯಾಕೆ, ಸೈಕಲ್ ಹೋಗಲ್ವಾ?"

ಅವಳ ಮಗ ಬಣ್ಣ ಹೊಡೆಯುವವನು. ಒಂಬತ್ತನೇ ಮಹಡಿಯ ಹೊರಗೆ ಹಗ್ಗಕ್ಕೆ ಜೋತುಬಿದ್ದು ಶಿಳ್ಳೆ ಹಾಕುತ್ತಿದ್ದ. ಬಿಳಿಯರ ಬೀದಿಯಲ್ಲಿ ಬಣ್ಣದ ಡಬ್ಬ ಹಿಡಿದು ನಡೆದ ಕರಿಯ ಅಂದ್ರೆ ಕಳ್ಳನೇ ಇರಬೇಕು ಅಂತ ಎಳೆದು ತಂದಿದ್ದರು. ಅಷ್ಟು ಎತ್ತರದಿಂದ ಬೀಳದ ಹುಡುಗ ಇಲ್ಲಿ ಬಿದ್ದಿದ್ದ.

ಇಷ್ಟರಲ್ಲಿ ಜಡ್ಜ್ ಸಾಹೇಬರು ಜಾಗ ನೋಡೋಕೆ ಬರ್ತಾರೆ ಅಂತ ಸುದ್ದಿ ಬಂತು. ಅವರು ಸಹಿ ಹಾಕಿದರೆ ಕೇಸು ಖಲಾಸ್. ಸಾಹೇಬನಿಗೆ ಈಗ ಅರ್ಜೆಂಟಾಗಿ ಮೆಟ್ಟಿಲು ಬೇಕು. ಊರಲ್ಲಿ ಕಟ್ಟುವವರೆಲ್ಲ ಕರಿಯರೇ. ಕರೆ ಹೋದದ್ದು ಗಾರೆಯವ್ವನ ತಮ್ಮ ಮೇಸ್ತ್ರಿಗೆ.

"ಆ ಬೋಳಿಮಗನಿಗೆ ಗೋರಿ ಬೇಕಾದ್ರೆ ಕಟ್ತೀನಿ!" ಅಂತ ಮೇಸ್ತ್ರಿ ಉಗಿದ.

"ಕಟ್ಟೋಣ ಕಣೋ. ಗಟ್ಟಿಯಾಗಿ ಕಟ್ಟೋಣ."

"ತಲೆ ಕೆಟ್ಟಿದೆಯಾ ಅಕ್ಕ? ಅವನ ಸುಳ್ಳಿಗೆ ನಾವೇ ಸುಣ್ಣ ಬಳಿಯೋದಾ?"

"ಇಲ್ಲದಿದ್ರೆ ರಿಪೇರಿಗೆ ಹೋಗಿದೆ ಅಂತಾನೆ. ಇದ್ರೆ ಹತ್ತಿ ನೋಡಬಹುದಲ್ಲ?"

ಕಟ್ಟಿದರು. ಸೂರು ತಗ್ಗು, ಹಾಗಾಗಿ ಐದೇ ಮೆಟ್ಟಿಲು, ಆಮೇಲೆ ಬರೀ ಗೋಡೆ. ಹತ್ತೋಕೆ ಒಂದು ಕಾರಣ ಬೇಕಲ್ಲ ಅಂತ ಸಾಹೇಬ ಆ ಗೋಡೆಗೆ ಕ್ಯಾಲೆಂಡರ್ ನೇತುಹಾಕಿದ. ಹಳೇದಾಗಿ ಕಾಣಲಿ ಅಂತ ತಾನೇ ನಿಂತು ಟೀ ಡಿಕಾಕ್ಷನ್ ಸುರಿದ.

ಜಡ್ಜ್ ಬಂದರು, ನೋಡಿದರು. "ಇದೇನಾ? ಸರಿ," ಅಂತ ಪೆನ್ನು ತೆಗೆದರು. ಊಟದ ಹೊತ್ತಾಗಿತ್ತು.

"ಒಂದ್ನಿಮಿಷ ಸ್ವಾಮಿ," ಅಂದಳು ಗಾರೆಯವ್ವ, ಬಾಗಿಲ ಕಡೆ ತಿರುಗಿ: "ಬನ್ರೋ!"

ಇಡೀ ಕೇರಿ ಸಾಲಾಗಿ ನಿಂತಿತ್ತು. ಮೊದಲು ಗಾರೆಯವ್ವನ ಹಲ್ಲಿಲ್ಲದ ಸೋದರತ್ತೆ ಏದುಸಿರು ಬಿಡುತ್ತಾ ಹತ್ತಿ, "ಬೀಳ್ತಿದ್ದೀನಿ ಸ್ವಾಮಿ, ನೋಡ್ಕೊಳ್ಳಿ," ಅಂತ ಉರುಳಿದಳು. ಕೆಳಗೆ ಕೂತು ಮಂಡಿ ತಿಕ್ಕಿಕೊಂಡಳು. "ನಾನು ಸತ್ತೆನಾ? ಇಲ್ಲ. ಮುಂದಿನೋರು ಬನ್ನಿ."

ಕಟುಕ ಬಿದ್ದ. ಕ್ಷೌರಿಕ ಬಿದ್ದ. ಟೊಣಪ ಬಿದ್ದಾಗ ಠಾಣೆಯೇ ಅದುರಿತು, ಮೆಟ್ಟಿಲು ಮಾತ್ರ ಬಿರುಕು ಬಿಡಲಿಲ್ಲ. ಮೇಸ್ತ್ರಿ ಮೀಸೆ ತಿರುವಿದ. ದರ್ಜಿ ಸರಿಯಾಗಿ ಬೀಳಲಿಲ್ಲ ಅಂತ ಜನ ಅವನನ್ನು ಇನ್ನೊಂದು ಸಲ ಹತ್ತಿಸಿದರು. ಬಿದ್ದವರು ಓಡಿಹೋಗಿ ಮತ್ತೆ ಸಾಲಿನ ಕೊನೆಗೆ ನಿಲ್ಲುತ್ತಿದ್ದರು. ಸಾಯೋಕೆ ಮಾತ್ರ ಒಬ್ಬರಿಂದಲೂ ಆಗಲಿಲ್ಲ.

"ಗುಂಡು ಹಾರಿಸ್ತೀನಿ ಸೂಳೆಮಕ್ಳಾ!" ಸಾಹೇಬ ಕಿರುಚಿದ.

"ಹಾರಿಸಿ ಸಾಹೇಬ್ರೇ," ಅಂದಳು ಸೋದರತ್ತೆ. "ಮೆಟ್ಟಿಲಿಂದ ಬಿದ್ರು ಅಂತ ಬರ್ಕೊಂಡ್ರಾಯ್ತು."

ಜಡ್ಜ್ ಪೆನ್ನಿನ ಮುಚ್ಚಳ ಹಾಕಿದರು.

ಕೊನೆಗೆ ಗಾರೆಯವ್ವ ಹತ್ತಿದಳು. ಬೀಳಲಿಲ್ಲ. ಮೇಲಿನ ಮೆಟ್ಟಿಲ ಮೇಲೆ ಕೂತು ಕೆಳಗಿನ ನೆಲವನ್ನೇ ನೋಡಿದಳು.

"ನನ್ನ ಕೂಸು ಹೆಂಗೆ ಬಿತ್ತು ಅಂತ ಕಣ್ಣಾರೆ ಕಂಡೋರು ನೀವೊಬ್ರೇ," ಅಂದಳು, ಪಕ್ಕಕ್ಕೆ ಸರಿದು ಜಾಗ ಬಿಡುತ್ತಾ. "ಬನ್ನಿ ಸಾಹೇಬ್ರೇ, ತೋರಿಸಿ."

"ಹತ್ತಿ," ಅಂದರು ಜಡ್ಜ್.

ಸಾಹೇಬ ಮೊದಲ ಮೆಟ್ಟಿಲ ಮೇಲೆ ಬೂಟುಗಾಲಿಟ್ಟ.

"ನಿಧಾನ ಸಾಹೇಬ್ರೇ," ಅಂತು ಇಡೀ ಕೇರಿ ಒಟ್ಟಿಗೆ, "ಬಿದ್ದೀರಿ!"