ಅಪ್ಪ ಆರಿಸಿದ ಪಟ್ಟಿಗಾಡಿ

ನಮ್ಮೂರ ಮೀನುಗಾರರ ಸಂಘ ಬಾಗಿಲು ಹಾಕಿದ ಮೇಲೆ ಅದರ ದೊಡ್ಡ ಪಟ್ಟಿಗಾಡಿಯನ್ನು ಗುಜರಿಯವರು ಬಂದು ಕತ್ತರಿಸಿ ಒಯ್ದರು. ಚಕ್ರದ ಬದಲು ಕಬ್ಬಿಣದ ಪಟ್ಟಿಗಳ ಮೇಲೆ ಓಡುತ್ತಿದ್ದ ಆ ಗಾಡಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಓನೆಗಾ ಸರೋವರದ ಮೇಲೆ ಊರಿನ ಗಂಡಸರನ್ನೆಲ್ಲ ಹೊತ್ತುಕೊಂಡು ಹೋಗುತ್ತಿತ್ತು. ಅದಿಲ್ಲದೆ ಮೀನಿರುವ ಜಾಗ ತಲುಪುವುದು ಸುಲಭವಾಗಿರಲಿಲ್ಲ. ದಡದ ಹತ್ತಿರ ಸಣ್ಣ ಪರ್ಚ್ ಮೀನು ಬಿಟ್ಟರೆ ಏನೂ ಸಿಗುವುದಿಲ್ಲ. ಒಳ್ಳೆಯ ಮೀನು ಇರುವುದು ದ್ವೀಪದ ಆಚೆ, ನೀರಿನಡಿಯ ಕರಡಿದಿಬ್ಬದ ಮೇಲೆ. ನಡುವೆ ಕಾಲಿಟ್ಟರೆ ಸೊಂಟದವರೆಗೆ ಹೂತುಹೋಗುವ ಹಿಮ.

ನನ್ನ ಅಪ್ಪ ಯೆಫೀಮ್ ಸವ್ವಿಚ್ ಕೆಲವು ಚಳಿಗಾಲ ಹಿಮಹಾವುಗೆ ಕಟ್ಟಿಕೊಂಡು, ಜಾರುಬಂಡಿಯನ್ನು ಹಿಂದೆ ಎಳೆದುಕೊಂಡು ಹೋದರು. ಬರುಬರುತ್ತಾ ಅವರು ಮನೆಗೆ ಬಂದ ಮೇಲೆ ಬೂಟು ಬಿಚ್ಚದೆ ಒಲೆಯ ಪಕ್ಕದ ಬೆಂಚಿನ ಮೇಲೆ ಸುಮ್ಮನೆ ಕೂತಿರುವುದು ಹೆಚ್ಚಾಯಿತು. ಅಮ್ಮ ಬಗ್ಗಿ ಉಣ್ಣೆಬೂಟು ಎಳೆದು ತೆಗೆದು ಒಲೆಯ ಮೇಲೆ ಒಣಗಲು ಇಡುತ್ತಿದ್ದಳು.

ಪಕ್ಕದ ಮನೆ ಮಿತ್ರೋಫಾನ ಮಾವನದು. ಅವನು ಅಮ್ಮನ ತಮ್ಮ. ಮರದ ದಿಮ್ಮಿಗಳ ಲಾರಿ ಓಡಿಸಿ ಓಡಿಸಿ, ಇಂಜಿನ್ನಿನ ಸದ್ದಿಗಿಂತ ಜೋರಾಗಿ ಮಾತಾಡುವ ಅಭ್ಯಾಸ ಅವನಿಗೆ. ಒಂದು ಭಾನುವಾರ ಅವನು ನಮ್ಮ ಮನೆಗೆ ಬಂದು, ಅಮ್ಮ ಮಾಡಿದ್ದ ಆಲೂಗಡ್ಡೆ ತುಂಬಿದ ಕಲೀತ್ಕಾ ರೊಟ್ಟಿಗಳನ್ನು ಒಂದರ ಮೇಲೊಂದು ತಿನ್ನುತ್ತಾ ಹೇಳಿದ: "ಭಾವ, ಸಾಕು ಈ ಕತ್ತೆ ಕೆಲಸ. ಇಬ್ಬರೂ ಸೇರಿ ಒಂದು ಪಟ್ಟಿಗಾಡಿ ತಗೊಳ್ಳೋಣ."

"ಎಂಥದ್ದು?" ಅಂದರು ಅಪ್ಪ.

"ಎಂಥದ್ದು ಅಂದ್ರೆ? ಮನೆ ಥರ ಇರೋದು! ನಾಲ್ಕು ಕಡೆ ಗೋಡೆ, ಮೇಲೆ ಸೂರು, ಒಳಗೊಂದು ಒಲೆ. ನೆಲದಲ್ಲೇ ತೂತು ಇರುತ್ತೆ. ಬರೀ ಬನಿಯನ್ನಲ್ಲಿ ಕೂತು ಗಾಳ ಹಾಕಬೋದು."

"ಸಿಕ್ಕಿಹಾಕ್ಕೊಂಡ್ರೆ ಎತ್ತೋರು ಯಾರು?"

"ಅದು ಸಿಕ್ಕಿಹಾಕ್ಕೊಳ್ಳಲ್ಲ ಭಾವ, ಅದು ಟ್ಯಾಂಕು!"

"ಹಂಗಾದ್ರೆ ಯುದ್ಧಕ್ಕೆ ಹೋಗು. ಮೀನಿಗೆ ಯಾಕೆ ಬರ್ತೀಯ?" ಅಂದಳು ಅಮ್ಮ.

ಅಮ್ಮನ ಹೆಸರು ಕಪಿತೊಲೀನಾ. ಹುಡುಗಿಯಾಗಿದ್ದಾಗ ಅವಳು ಸಂಘದ ಹೆಂಗಸರ ತಂಡದಲ್ಲಿದ್ದಳು. ಗಂಡಸರೆಲ್ಲ ಕಾಡಿನ ಕೆಲಸಕ್ಕೆ ಹೋಗಿದ್ದ ಕಾಲ ಅದು. ಹೆಂಗಸರೇ ಕುದುರೆ ಕಟ್ಟಿ, ಹಾರೆಯಿಂದ ಮಂಜುಗಡ್ಡೆ ಒಡೆದು, ಉದ್ದನೆ ಕೋಲಿನಿಂದ ಬಲೆಯನ್ನು ಒಂದು ತೂತಿನಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದರು. ಆಮೇಲೆ ದೊಡ್ಡ ಗಾಡಿ ಬಂತು, ಅದರಲ್ಲಿ ಗಂಡಸರಿಗೆ ಮಾತ್ರ ಜಾಗ. ಹೆಂಗಸರು ದಡದ ಶೆಡ್ಡಿನಲ್ಲಿ ಮೀನಿಗೆ ಉಪ್ಪು ಹಾಕುತ್ತಾ ಉಳಿದರು. ಅಮ್ಮ ಅದರ ಬಗ್ಗೆ ಗೊಣಗಿದ್ದು ನಾನು ಕೇಳಿಲ್ಲ. ಆದರೆ ಗಾಡಿ ಹೊರಡುವ ಸದ್ದಾದಾಗಲೆಲ್ಲ ಅವಳು ಕೈಯ ಕೆಲಸ ಬಿಟ್ಟು ಕಿಟಕಿಗೆ ಹೋಗುತ್ತಿದ್ದಳು.

ಆ ಚಳಿಗಾಲವೆಲ್ಲ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಸೂಪು ಕುಡಿಯುವಾಗ ಪಟ್ಟಿಯ ಅಗಲ, ಹಬೆಸ್ನಾನದ ಮನೆಯಲ್ಲಿ ಇಂಜಿನ್ನಿನ ತಾಕತ್ತು. ಮಾವ ಗೋಡೆಯಾಚೆಯಿಂದಲೇ ಕೂಗಿ ವಾದ ಮಾಡುತ್ತಿದ್ದ. ಕೊನೆಗೆ ಜನವರಿಯಲ್ಲಿ ಎಲ್ಲರೂ ಬಸ್ಸು ಹತ್ತಿ ಪೇಟೆಗೆ ಹೋದೆವು. ನಾನಾಗ ಊರಿನ ಬೇಕರಿಯಲ್ಲಿ ಕೆಲಸಕ್ಕಿದ್ದೆ, ಅವತ್ತು ರಜೆ ಹಾಕಿದ್ದೆ. ಅಮ್ಮ ಬರುತ್ತಾಳೆಂದು ಯಾರೂ ಅಂದುಕೊಂಡಿರಲಿಲ್ಲ. ಅಪ್ಪನೇ "ಕಾಪಾ, ನೀನೂ ಹೊರಡು. ಬೆಚ್ಚಗೆ ಹಾಕ್ಕೋ" ಅಂದಿದ್ದರು.

ಸಾಮಿಲ್ಲಿನ ಹಿಂದೆ ರೆಮ್ ಅರ್ಕಾದಿಚ್ ಎಂಬವನ ಅಂಗಳವಿತ್ತು. ಹಳೆಯ ಗಾಡಿಗಳನ್ನು ರಿಪೇರಿ ಮಾಡಿ ಮಾರುವವನು. ಅಲ್ಲಿ ನಮಗೆ ತಕ್ಕವು ಮೂರಿದ್ದವು. ಮೊದಲನೆಯದು ಮಾವನ ಕನಸೇ ಎದ್ದು ಬಂದ ಹಾಗಿದ್ದ ಹಸಿರು ಬಣ್ಣದ ಕ್ಯಾಬಿನ್ ಗಾಡಿ, ಸೂರಿನಲ್ಲಿ ಒಲೆಯ ಕೊಳವೆ. ಎರಡನೆಯದು ಹೊಳೆಯುವ ಕೆಂಪು ಹಿಮಸ್ಕೂಟರ್. ಮೂರನೆಯದನ್ನು ನೋಡಿ ಮಾವ ನಗಲು ಶುರುಮಾಡಿದವನು ಬಹಳ ಹೊತ್ತು ನಿಲ್ಲಿಸಲಿಲ್ಲ. ಅದಕ್ಕೆ ಸೀಟೇ ಇಲ್ಲ. ಒಂದು ಪೆಟ್ಟಿಗೆಯಷ್ಟು ಇಂಜಿನ್, ಅದರ ಕೆಳಗೆ ಅಗಲವಾದ ಒಂದು ರಬ್ಬರ್ ಪಟ್ಟಿ, ಹಿಂದಕ್ಕೆ ಚಾಚಿದ ಎರಡು ಹಿಡಿ. ಹಿಂದೆ ಜಾರುಬಂಡಿ ಕಟ್ಟಿ, ಅದರಲ್ಲಿ ಕೂತು ಹಿಡಿ ತಿರುಗಿಸುತ್ತಾ ಓಡಿಸಬೇಕು. ನಮ್ಮ ಕಡೆ ಅದನ್ನು ಮೋಟಾರು ನಾಯಿ ಅನ್ನುತ್ತಾರೆ.

"ಇದಕ್ಕೆ ಮೂಳೆ ಹಾಕ್ತೀರೋ, ಗಂಜಿನೋ?" ಅಂದ ಮಾವ.

ರೆಮ್ ಅರ್ಕಾದಿಚ್‌ಗೆ ಬೇಜಾರಾಗಲಿಲ್ಲ. "ಓಡಿಸಿ ನೋಡಿ. ಅಲ್ಲಿ ಹಿಂದೆ ಬಯಲಿದೆ, ಯಾರೂ ತುಳಿದಿಲ್ಲ" ಅಂದ.

ಕೆಂಪು ಸ್ಕೂಟರನ್ನು ಮಾವನೇ ಹತ್ತಿದ. ಖಾಲಿ ಇದ್ದಾಗ ಅದು ಬಾಣದ ಹಾಗೆ ಹೋಯಿತು. ಅಪ್ಪ ಅದಕ್ಕೆ ಜಾರುಬಂಡಿ ಕಟ್ಟಿಸಿ, ಅದರಲ್ಲಿ ತಾವೂ ಕೂತು, "ಈಗ ನಿಧಾನಕ್ಕೆ ಹೋಗು, ಮೀನು ತುಂಬಿದೆ ಅಂದ್ಕೋ" ಅಂದರು. ನಿಧಾನವಾದ ಕೂಡಲೇ ಅದರ ಹಿಂಭಾಗ ಹಿಮವನ್ನು ಕೆರೆದು ಕೆರೆದು ಗುಂಡಿ ತೋಡಿಕೊಂಡು ಕೂತುಬಿಟ್ಟಿತು. ಇಳಿಯಲು ಹೋದ ಮಾವ ಎದೆಯವರೆಗೆ ಹೂತುಹೋದ.

"ಅಲ್ಲೇ ಇರು, ವಸಂತದಲ್ಲಿ ಬಂದು ಕರ್ಕೊಂಡು ಹೋಗ್ತೀವಿ" ಎಂದು ಅಮ್ಮ ಕೂಗಿದಳು.

ಕ್ಯಾಬಿನ್ ಗಾಡಿ ಮಾತ್ರ ಚೆನ್ನಾಗಿ ಓಡಿತು, ಅದನ್ನು ಅಪ್ಪನೂ ಒಪ್ಪಿದರು. ಬಯಲನ್ನು ಎರಡು ಸುತ್ತು ಹಾಕಿ ಬಂದ ಮಾವ ಕಿಟಕಿಯಿಂದ ತಲೆ ಹೊರಹಾಕಿ, "ಏನ್ ಭಾವ, ಈಗೇನಂತೀಯ?" ಅಂದ. ಅಪ್ಪ ಅದರ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. "ಗಟ್ಟಿ ನೆಲದ ಮೇಲೆ ಸರಿ ಕಣೋ. ಮಾರ್ಚಿ ತಿಂಗಳಲ್ಲಿ ಹಿಮದ ಭಾರಕ್ಕೆ ಮಂಜುಗಡ್ಡೆ ಕುಸಿದು, ಮೇಲೆ ನೀರು ಬರುತ್ತಲ್ಲ? ಮೇಲಿಂದ ನೋಡಿದ್ರೆ ಬಿಳಿ, ಕೆಳಗೆ ಕೊಚ್ಚೆ. ಅದರೊಳಗೆ ಈ ಎಮ್ಮೆ ಮಲಗಿಬಿಟ್ರೆ?"

ಆಮೇಲೆ ಮೋಟಾರು ನಾಯಿಯ ಸರದಿ. ಅಪ್ಪ ಅದನ್ನು ತಾವು ಮುಟ್ಟಲೇ ಇಲ್ಲ. "ಕಾಪಾ, ಹಗ್ಗ ಎಳಿ" ಅಂದರು.

"ನಾನಾ?"

"ಇಲ್ಲಿ ಇನ್ಯಾವ ಕಾಪಾ ಇದಾಳೆ?"

ಅಮ್ಮ ಕೈಗವಸು ತೆಗೆದು ನನ್ನ ಕೈಗೆ ಕೊಟ್ಟಳು. ಸ್ಟಾರ್ಟು ಮಾಡುವ ಹಗ್ಗ ಹಿಡಿದು ಎಳೆದಳು. ಇಂಜಿನ್ ಕೆಮ್ಮಿ ಸುಮ್ಮನಾಯಿತು. ಇನ್ನೊಮ್ಮೆ ಎಳೆದಳು, ಮತ್ತೆ ಕೆಮ್ಮು. ಮಾವ ಮುಂದೆ ಬಂದಾಗ ಅಪ್ಪ ಅವನ ತೋಳು ಹಿಡಿದು ನಿಲ್ಲಿಸಿದರು. ಅಮ್ಮ ಒಂದು ಕಾಲನ್ನು ಪಟ್ಟಿಯ ಅಂಚಿಗೆ ಒತ್ತಿ, ತಲೆವಸ್ತ್ರ ಹಿಂದಕ್ಕೆ ಸರಿಸಿ, ಮೈಯ ಭಾರವನ್ನೆಲ್ಲ ಹಾಕಿ ಎಳೆದಳು. ಇಂಜಿನ್ ಹತ್ತಿಕೊಂಡಿತು. ಅವಳು ಬಂಡಿಯಲ್ಲಿ ಕೂತು, ಹಿಡಿ ಹಿಡಿದು, ಬಯಲಿನಲ್ಲಿ ಹೊರಟೇಬಿಟ್ಟಳು. ದೂರದಲ್ಲಿ ಅದೂ ಒಂದು ಕಡೆ ಹೂತು ನಿಂತಿತು. ನಾವು ನೋಡುತ್ತಿದ್ದಂತೆ ಅಮ್ಮ ಇಳಿದು, ಬಂಡಿ ಕಳಚಿ, ಸುತ್ತ ಹಿಮ ತುಳಿದು, ಹಿಡಿಯಿಂದ ಅದನ್ನು ಕೋಣೆಯ ಬೆಂಚು ಸರಿಸುವ ಹಾಗೆ ಪಕ್ಕಕ್ಕೆ ತಿರುಗಿಸಿ, ಮತ್ತೆ ಕಟ್ಟಿಕೊಂಡು ವಾಪಸು ಬಂದಳು. ಕೆನ್ನೆ ಕೆಂಪಾಗಿತ್ತು. ಅವಳು ಹಾಗೆ ನಗುವುದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

"ಇದೇ" ಅಂದರು ಅಪ್ಪ.

"ಭಾವ, ನಿನಗೆ ತಲೆ ಕೆಟ್ಟಿದೆಯಾ? ಊರಿನವರು ನಗ್ತಾರೆ!"

"ನಗಲಿ. ನನಗೆ ವಯಸ್ಸಾಯ್ತು ಮಿತ್ರೋಷಾ. ಅಲ್ಲೆಲ್ಲೋ ದಿಬ್ಬದ ಮೇಲೆ ನಾನು ಬಿದ್ದುಹೋದ್ರೆ ಇವಳೊಬ್ಬಳೇ ನನ್ನ ಎತ್ತಿ ಹಾಕ್ಕೊಂಡು ಮನೆಗೆ ಬರೋ ಹಂಗಿರಬೇಕು. ನಾನಿಲ್ಲದಿದ್ರೂ ಇವಳೇ ಹೋಗೋ ಹಂಗಿರಬೇಕು."

ಅಮ್ಮ ಕೈಗವಸು ಹಾಕಿಕೊಳ್ಳುತ್ತಾ, "ನಿನ್ನ ಯಾಕೆ ಹೊತ್ಕೊಂಡು ಬರಲಿ? ಬಂಡಿಯಲ್ಲಿ ಜಾಗ ಇರೋದು ಮೀನಿಗೆ" ಅಂದಳು. ಧ್ವನಿ ಮಾತ್ರ ತಮಾಷೆಯದಾಗಿರಲಿಲ್ಲ.

ಮಾವ ಮುನಿಸಿಕೊಂಡ. ಪೇಟೆಯ ಹಳೆಯ ಗೆಳೆಯನೊಬ್ಬನ ಜೊತೆ ಸೇರಿ ಆ ಹಸಿರು ಗಾಡಿಯನ್ನೇ ಕೊಂಡು ತಂದ. ಊರಿನ ಬೀದಿಯಲ್ಲಿ ಅದನ್ನು ಮೆರವಣಿಗೆ ಮಾಡಿಸಿದ. ನಮ್ಮ ಬೇಲಿಯ ಮುಂದೆ ಬಂದಾಗ ಬೇಕೆಂದೇ ಹಾರ್ನು ಹೊಡೆಯುತ್ತಿದ್ದ. ಅಪ್ಪ ಅಮ್ಮ ಇಬ್ಬರೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಬೈರಿಗೆ, ಗಾಳ, ಸಲಿಕೆ, ಚಹಾದ ಫ್ಲಾಸ್ಕು ಬಂಡಿಗೆ ತುಂಬಿಕೊಂಡು, ಒಂದೇ ಕುರಿತೊಗಲಿನ ಮೇಲೆ ಹಿಂದೆ ಮುಂದೆ ಕೂತು ಹೊರಡುತ್ತಿದ್ದರು. ಓಡಿಸುತ್ತಿದ್ದವಳು ಅಮ್ಮ. ಬೇಕರಿಗೆ ಹೋಗುವ ದಾರಿಯಲ್ಲಿ ನಾನು ದಡದಲ್ಲಿ ನಿಂತು ನೋಡುತ್ತಿದ್ದೆ. ಮದುವೆಯಾಗಿ ಅಷ್ಟು ವರ್ಷಗಳ ಮೇಲೆ ಅವರಿಬ್ಬರಿಗೂ ಒಟ್ಟಿಗೆ ಹೋಗಲು ಒಂದು ಜಾಗ ಸಿಕ್ಕಿತ್ತು.

ಮಾರ್ಚಿಯಲ್ಲಿ ದೊಡ್ಡ ಹಿಮಗಾಳಿ ಬೀಸಿತು. ಅದು ನಿಂತ ಮರುದಿನ ಅಪ್ಪನಿಗೆ ಜ್ವರ. ಅಮ್ಮನ ಜೊತೆ ನಾನು ಹೋದೆ. ಅವಳು ನೇರ ದಾರಿ ಬಿಟ್ಟು, ಆಗಾಗ ನಿಲ್ಲಿಸಿ, ಹಾರೆಯಿಂದ ಹಿಮ ಚುಚ್ಚಿ ತುದಿ ಒದ್ದೆಯಾಗಿದೆಯೇ ಎಂದು ನೋಡಿ ಮುಂದೆ ಹೋಗುತ್ತಿದ್ದಳು. ದ್ವೀಪದ ಮೂಲೆ ತಿರುಗಿದಾಗ ಮಾವನ ಹಸಿರು ಗಾಡಿ ಕಾಣಿಸಿತು. ಅರ್ಧ ಗಾಡಿ. ಪಟ್ಟಿಗಳು ಪೂರಾ ಕೊಚ್ಚೆನೀರಿನೊಳಗೆ, ಒಂದು ಪಕ್ಕಕ್ಕೆ ವಾಲಿತ್ತು. ಸೂರಿನ ಮೇಲೆ ಮಾವ ಕೂತಿದ್ದ. ಒಂದೇ ಕಾಲಿನಲ್ಲಿ ಬೂಟು.

"ಅಕ್ಕಾ!" ಎಂದು ಕೂಗಿದ. "ಬರಬೇಡ, ಹತ್ತಿರ ಬರಬೇಡ, ನೀರಿದೆ!"

"ಬಾಯಿ ಮುಚ್ಚು. ಒದ್ದೆ ಆಗಿದೀಯಾ?"

"ಮೊಣಕಾಲವರೆಗೆ. ಅಕ್ಕಾ, ಒಲೆ ಆರಿಹೋಯ್ತು ಕಣೆ..."

ಅಮ್ಮ ಮೋಟಾರು ನಾಯಿಯನ್ನು ಗಟ್ಟಿ ಜಾಗದಲ್ಲಿ ನಿಲ್ಲಿಸಿ, ಬಂಡಿ ಕಳಚಿ, ಅದಕ್ಕೆ ಉದ್ದ ಹಗ್ಗ ಕಟ್ಟಿದಳು. ನಾವಿಬ್ಬರೂ ಬಂಡಿಯನ್ನು ಕೋಲಿನಿಂದ ತಳ್ಳಿ ತಳ್ಳಿ ಗಾಡಿಯ ಪಕ್ಕಕ್ಕೆ ಮುಟ್ಟಿಸಿದೆವು. ಮಾವ ಅದರ ಮೇಲೆ ಹೊಟ್ಟೆಯಡಿಯಾಗಿ ಬಿದ್ದ. ಎಳೆದುಕೊಂಡೆವು. ಅಮ್ಮ ತನ್ನ ಬೂಟು ಬಿಚ್ಚಿ ಅವನಿಗೆ ಹಾಕಿ, ತನ್ನ ಪಾದಗಳನ್ನು ಕುರಿತೊಗಲಿನಲ್ಲಿ ಸುತ್ತಿಕೊಂಡು ಓಡಿಸಿದಳು. ದಾರಿಯುದ್ದಕ್ಕೂ ಅವನು ನಡುಗುತ್ತಾ ಗಾಡಿಗಾಗಿ ಅಳುತ್ತಿದ್ದ. ಅವಳು ಒಮ್ಮೆಯೂ "ನೋಡಿದೆಯಾ" ಅನ್ನಲಿಲ್ಲ. ಮನೆ ಮುಟ್ಟಿದ ಮೇಲೆ ಮಾತ್ರ ಅವನನ್ನು ಹಬೆಸ್ನಾನದ ಮನೆಯ ಬಿಸಿಗೆ ದೂಡಿ, ಹೊರಗೆ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡಳು. ಅವನು ಅವಳು ಎತ್ತಿ ಬೆಳೆಸಿದ ತಮ್ಮ.

ಗಾಡಿಯನ್ನು ಅಲ್ಲೇ ಬಿಟ್ಟರೆ ವಸಂತದಲ್ಲಿ ಸರೋವರದ ತಳ ಸೇರುತ್ತಿತ್ತು. ಅಪ್ಪ ಜ್ವರ ಬಿಟ್ಟ ಕೂಡಲೇ ಮನೆಮನೆಗೆ ಹೋದರು. ಆ ಭಾನುವಾರ ಹಳೆಯ ಸಂಘದವರೆಲ್ಲ ಬಂದರು. ಹಿಮಹಾವುಗೆಯಲ್ಲಿ ಬಂದವರು, ಜಾರುಬಂಡಿಯಲ್ಲಿ ಮರದ ದಿಮ್ಮಿ ಎಳೆದು ತಂದವರು, ಹಾರೆ ಗರಗಸ ಹೆಗಲಿಗೆ ಹಾಕಿಕೊಂಡು ಬಂದ ಹೆಂಗಸರು. ಅಷ್ಟು ಜನರನ್ನು ಮಂಜುಗಡ್ಡೆಯ ಮೇಲೆ ಒಟ್ಟಿಗೆ ನೋಡಿ ಎಷ್ಟೋ ವರ್ಷವಾಗಿತ್ತು. ಪಟ್ಟಿಗಳ ಸುತ್ತ ಹೆಪ್ಪುಗಟ್ಟಿದ್ದನ್ನು ಒಡೆದರು. ದಿಮ್ಮಿಗಳನ್ನು ಸನ್ನೆಕೋಲಾಗಿ ಕೊಟ್ಟು ಎತ್ತಿದರು. ಎತ್ತಿದಷ್ಟಕ್ಕೂ ಕೆಳಗೆ ಹಲಗೆ ಸೇರಿಸಿದರು.

"ಲುಕೇರ್ಯಾ, ನಿನ್ನ ಕಡೆ ಒತ್ತು! ಇನ್ನೂ! ಸೂಪು ಕುಡಿಯೋಕೆ ಬಂದ್ಯಾ?" ಎಂದು ಅಮ್ಮ ಕೂಗುತ್ತಿದ್ದಳು.

"ಸೂಪು ಎಲ್ಲಿ ಅಂತ ನಾನೂ ಹುಡುಕ್ತಾ ಇದೀನಿ ಕಣೆ!" ಎಂದು ಲುಕೇರ್ಯಾ ಅತ್ತೆ ತಿರುಗಿ ಕೂಗಿದಳು. ಆ ಹೆಂಗಸರ ತಂಡದಲ್ಲಿ ಅಮ್ಮನ ಜೊತೆ ಬಲೆ ಎಳೆದವಳು ಅವಳು.

ಹೊತ್ತು ಮುಳುಗುವ ಮೊದಲು ಗಾಡಿ ಮೇಲೆ ಬಂತು. ಎಲ್ಲರೂ ಅದರ ಸುತ್ತ ನಿಂತು ಹಂಡೆಯಲ್ಲಿ ಮಾಡಿದ ಬಿಸಿ ಮೀನುಸಾರು ಕುಡಿದರು. ಮಾವ ಒಬ್ಬೊಬ್ಬರ ಹತ್ತಿರವೂ ಹೋಗಿ ಟೊಪ್ಪಿ ತೆಗೆದು ತಲೆಬಾಗಿದ. ಅಪ್ಪನ ಹತ್ತಿರ ಬಂದಾಗ ಅವರು ಅವನ ಬಟ್ಟಲಿಗೆ ಇನ್ನಷ್ಟು ಸಾರು ಹಾಕಿ, "ಒಲೆ ಚೆನ್ನಾಗಿದೆ ಕಣೋ ನಿನ್ನ ಗಾಡೀದು" ಅಂದರು.

ಮಾವ ಆ ಗಾಡಿಯನ್ನು ಮತ್ತೆ ಸರೋವರಕ್ಕೆ ಇಳಿಸಲಿಲ್ಲ. ದಡದಲ್ಲೇ ನಿಂತ ಅದರೊಳಗೆ ಮೀನುಗಾರರು ಒಲೆ ಹಚ್ಚಿ ಕೂತು ಮಾತಾಡುವುದು ರೂಢಿಯಾಯಿತು. ಸಂಘದ ಕಟ್ಟಡ ಮುಚ್ಚಿದ ಮೇಲೆ ಊರಿಗೆ ಅಂಥದ್ದೊಂದು ಜಾಗ ಇರಲಿಲ್ಲ. ಮರುವರ್ಷ ಊರಿನಲ್ಲಿ ಇನ್ನೂ ಕೆಲವು ಮೋಟಾರು ನಾಯಿಗಳು ಬೊಗಳತೊಡಗಿದವು, ಒಂದು ಲುಕೇರ್ಯಾ ಅತ್ತೆಯದು.

ಅಪ್ಪ ಇನ್ನೂ ಹಲವು ಚಳಿಗಾಲ ಬದುಕಿದರು. ಕೊನೆಯದರಲ್ಲಿ ಅವರಿಗೆ ಗಾಳ ಹಿಡಿಯುವ ಶಕ್ತಿಯೂ ಇರಲಿಲ್ಲ, ಆದರೂ ಹೋಗಬೇಕೆಂದರು. ಏಪ್ರಿಲ್ಲಿನ ಮೊದಲ ಬಿಸಿಲಿನ ದಿನ ಅದು, ಕೊರ್ಯುಷ್ಕಾ ಮೀನು ಬರುವ ಕಾಲ. ಅಮ್ಮ ಅವರನ್ನು ಬಂಡಿಯಲ್ಲಿ ದಿಂಬಿಗೆ ಒರಗಿಸಿ ಕೂರಿಸಿದಳು, ನಾನು ಹಿಂದೆ ಹಿಮಹಾವುಗೆಯಲ್ಲಿ ಹೋದೆ. ದಿಬ್ಬ ಇನ್ನೂ ದೂರವಿದ್ದಾಗ ಅಪ್ಪ ಅಮ್ಮನ ಬೆನ್ನು ತಟ್ಟಿ, "ಇಲ್ಲೇ ನಿಲ್ಲಿಸು ಕಾಪಾ, ಇಂಜಿನ್ ಆರಿಸು. ಮಂಜುಗಡ್ಡೆ ಸದ್ದು ಕೇಳ್ಬೇಕು" ಅಂದರು.

ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಬಹಳ ದೂರದಿಂದ ಮಂಜುಗಡ್ಡೆ ಬಿರಿಯುವ ಉದ್ದನೆಯ ಸದ್ದು ನಮ್ಮ ಕಾಲಡಿಯಲ್ಲೇ ಹಾದು ದ್ವೀಪದ ಕಡೆ ಹೋಯಿತು. ಅಮ್ಮ ಅಲ್ಲೇ ಒಂದು ತೂತು ಕೊರೆದಳು. ಮೊದಲ ಮೀನು ಬಂದಾಗ ಅದನ್ನು ಅಪ್ಪನ ಅಂಗೈಯಲ್ಲಿ ಇಟ್ಟಳು. ಹಸಿ ಕೊರ್ಯುಷ್ಕಾ ಥೇಟ್ ಎಳೆ ಸೌತೆಕಾಯಿಯ ಹಾಗೆ ಪರಿಮಳಿಸುತ್ತದೆ. ಅಪ್ಪ ಅದನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿಕೊಂಡರು. ಅಮ್ಮ ಪಕ್ಕದಲ್ಲಿ ಕೂತು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಚಹಾ ಸುರಿದಳು. ಬಿಸಿಲು ಇಳಿಯುವವರೆಗೂ ನಾವು ಮೂವರೂ ಅಲ್ಲೇ ಕೂತಿದ್ದೆವು.