ಬಲಗಡೆ ಬಾಗಿಲ ಸೀಟಿ

ಇಬ್ಬರ ನಡುವೆ ನಡೆದ ಮಾತನ್ನು ಮೂರನೆಯವನು ಎತ್ತಿ ಆಡಬಾರದು, ಅದರಲ್ಲೂ ಅರ್ಧ ಮಾತ್ರ ಗೊತ್ತಿದ್ದಾಗ. ಇದು ತಿಳಿದೂ ಹೇಳಲು ಹೊರಟಿದ್ದಕ್ಕೆ ಓದುವವರು ಕ್ಷಮಿಸಬೇಕು. ಎಲ್ಲಿಯಾದರೂ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾಗಿದ್ದರೆ ಆ ತಪ್ಪು ಹೇಳಿದವನದು, ಜಿಲಾನಿ ಪಾಷಾನದಲ್ಲ.

ಜಿಲಾನಿ ಪಾಷಾ ರಾಯಚೂರಿನ ಗಂಜ್ ಹಿಂದಿನ ಓಣಿಯಲ್ಲಿ ಗಾಡಿಗಳ ಬಾಗಿಲು, ತಗಡು, ಗಾಜು ರಿಪೇರಿ ಮಾಡುತ್ತಿದ್ದ. ಎಂಜಿನ್ನಿನ ತಂಟೆಗೆ ಹೋಗುತ್ತಿರಲಿಲ್ಲ. ಎಂಜಿನ್ ಕೆಲಸಕ್ಕೆ ಕಿವಿ ಬೇಕು. ಅವನಿಗೆ ಕೇಳುತ್ತಿದ್ದದ್ದು ಎಡಗಿವಿಯಿಂದ ಮಾತ್ರ. ಬಲಗಿವಿ ಎಪ್ಪತ್ತೊಂದನೇ ಇಸವಿಯಲ್ಲಿ ದೇವದುರ್ಗದ ಬಸ್‌ಸ್ಟ್ಯಾಂಡ್ ಎದುರು ಹೋಗಿತ್ತು.

ಆಗ ಅವನಿಗೆ ಇಪ್ಪತ್ನಾಲ್ಕು ವರ್ಷ, ಲಾರಿ ಡ್ರೈವರ್. ಹತ್ತಿ ತುಂಬಿದ ಅಂಡಿಗೆ ಚೀಲಗಳನ್ನು ಹೇರಿಕೊಂಡು ಬರುತ್ತಿದ್ದಾಗ ರಸ್ತೆಯ ನಡುವೆ ಮೋಟರ್‌ಸೈಕಲ್ ನಿಲ್ಲಿಸಿಕೊಂಡು ಒಬ್ಬ ಯುವಕ ನಾಲ್ಕು ಜನರೊಂದಿಗೆ ಮಾತಾಡುತ್ತಿದ್ದ. ಜಿಲಾನಿ ಎರಡು ಸಲ ಹಾರ್ನ್ ಹೊಡೆದ. ಆ ಯುವಕ ಸಾವಕಾಶ ನಡೆದು ಬಂದು, ಲಾರಿಯ ಮೆಟ್ಟಿಲು ಹತ್ತಿ, ಕಿಟಕಿಯೊಳಗೆ ಕೈ ಹಾಕಿ, ಅಂಗೈ ಅಗಲ ಮಾಡಿ ಬಲಗಿವಿಯ ಮೇಲೆ ಬಿಟ್ಟ. "ಯಾರಿಗೆ ಹಾರ್ನ್ ಹೊಡೀತೀಲೇ?" ಎಂದ. ನಿಂತವರು ನಕ್ಕರು. ಹೊಡೆದವನು ಜಿನ್ನಿಂಗ್ ಮಿಲ್ಲಿನ ಧಣಿಯ ಮಗ ವಿರೂಪಣ್ಣ ಎಂದು ಜಿಲಾನಿಗೆ ಆಮೇಲೆ ತಿಳಿಯಿತು.

ಮಾನ್ವಿಯ ಮನೆಯಲ್ಲಿ ತಾಯಿ ದಾವಲ್ ಬೀ ನಲವತ್ತು ದಿನ ಬೆಳ್ಳುಳ್ಳಿ ಎಣ್ಣೆ ಕಾಸಿ ಹಾಕಿದಳು. ಕೀವು ನಿಂತಿತು, ಅದರೊಂದಿಗೆ ಶಬ್ದವೂ ನಿಂತಿತು. ಒಂದೇ ಕಿವಿಯವನಿಗೆ ಸದ್ದು ಕೇಳುತ್ತದೆ, ಆದರೆ ಅದು ಯಾವ ದಿಕ್ಕಿನಿಂದ ಬಂತೆಂದು ಗೊತ್ತಾಗುವುದಿಲ್ಲ. ಹಿಂದಿನಿಂದ ಬಂದ ಬಸ್ಸಿಗೆ ದಾರಿ ಬಿಡುವ ಬದಲು ಅದರ ಮೈಮೇಲೆಯೇ ಹೋಗಿ ಲಾರಿ ಉಜ್ಜಿದ. ಮಾಲೀಕ ಸ್ಟೇರಿಂಗ್ ಬಿಡಿಸಿದ. ಅಲ್ಲಿಂದ ತಗಡಿನ ಕೆಲಸಕ್ಕೆ ಬಿದ್ದ.

ಹದಿಮೂರು ವರ್ಷ ಅವನು ಆ ಕೈಯನ್ನು ಮರೆಯಲಿಲ್ಲ. ನಮಾಜಿಗೆ ಕುಳಿತಾಗಲೂ ನೆನಪಾಗುತ್ತಿತ್ತು. ಅದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದ. ಆ ಕೈ ಮುರಿಯಬೇಕೆಂದು ಮೊದಮೊದಲು ಆಸೆಯಿತ್ತು. ಬರಬರುತ್ತ ಆಸೆ ಸಣ್ಣದಾಯಿತು, ಸಣ್ಣದಾದಷ್ಟೂ ಗಟ್ಟಿಯಾಯಿತು: ಒಂದು ಕಿವಿ ಇಲ್ಲದಿದ್ದರೆ ಹೇಗಿರುತ್ತದೆಂದು ವಿರೂಪಣ್ಣನಿಗೆ ತಿಳಿಯಬೇಕು, ಮತ್ತು "ನಾನೇ ಹೊಡೆದೆ" ಎಂದು ಅವನು ತನ್ನ ಬಾಯಿಂದಲೇ ಹೇಳಬೇಕು.

ಎಂಬತ್ನಾಲ್ಕರ ಆಷಾಢದಲ್ಲಿ ಒಂದು ಹಸಿರು ಪಿಕಪ್ ಅವನ ಅಂಗಡಿ ಮುಂದೆ ಬಂದು ನಿಂತಿತು. ಓಡಿಸಿಕೊಂಡು ಬಂದವನಿಗೆ ಹೊಟ್ಟೆ ಬಂದಿತ್ತು, ಮೀಸೆ ಅರ್ಧ ನರೆತಿತ್ತು. ಆದರೂ ಬಾಗಿಲಿನ ಮೇಲಂಚು ಹಿಡಿದು ಜಗ್ಗಿಕೊಂಡು ಇಳಿದಾಗ ಆ ಅಂಗೈ ನೋಡಿದ್ದೇ ಜಿಲಾನಿಗೆ ಗುರುತು ಸಿಕ್ಕಿತು: ವಿರೂಪಣ್ಣ.

"ಬಾಗಿಲ ಕೆಲಸದ ಪಾಷಾ ನೀನೇ ಏನು?"

"ಹೌದ್ರಿ, ಬರ್ರಿ."

"ಗಾಡಿ ಸ್ಪೀಡು ನಲವತ್ತು ದಾಟಿದರ ಸಾಕು, ಬಲಗಿವಿಯಾಗ ಯಾರೋ ಕುಂತು ಸೀಟಿ ಊದಿದಂಗ ಆಗತದ. ಮಾನ್ವಿಯಾಗ ಒಬ್ಬ ರಬ್ಬರ್ ಬದಲಿ ಮಾಡಿದ. ಇಲ್ಲೇ ತೀನ್ ಕಂದಿಲ್ ಹತ್ರ ಇನ್ನೊಬ್ಬ ಗಾಜು ಬಿಚ್ಚಿ ಕೂಡಿಸಿದ. ಸೀಟಿ ಹೋಗವಲ್ದು. ಮನಿಯಾಗ ಉಣ್ಣಾಕ ಕುಂತರೂ ಕಿವಿಯಾಗ ಅದೇ ಸಪ್ಪಳ."

"ಯಾವ ಕಡಿ ಹೋಗುವಾಗ ರಿ?"

"ಇಲ್ಲಿಂದ ದೇವದುರ್ಗಕ್ಕ ಹೋಗುವಾಗ. ಬರುವಾಗ ತುಟಿ ಪಿಟಕ್ ಅನ್ನಂಗಿಲ್ಲ. ನಮ್ಮವ್ವ ನಿಂಬಿಹಣ್ಣು ಕಟ್ಟಿಸ್ಯಾಳ."

ಪಕ್ಕದ ಅಂಗಡಿಯಲ್ಲಿ ಗಾಡಿಯ ಸೀಟುಗಳಿಗೆ ಹತ್ತಿ ತುಂಬುತ್ತಿದ್ದ ಅಲ್ಲಾಬಕ್ಷ್ ತಲೆ ಎತ್ತಿದ. "ಗಾಡಿಗೆ ರಾಯಚೂರು ಬಿಟ್ಟು ಹೋಗಾಕ ಮನಸಿಲ್ಲರೀ ಧಣಿ. ತವರುಮನಿ ಬಿಟ್ಟ ಸೊಸಿ ಅತ್ತಂಗ ಅಳತದ."

ವಿರೂಪಣ್ಣ ನಕ್ಕ. ಜಿಲಾನಿ ನಗಲಿಲ್ಲ. "ಆಷಾಢದ ಗಾಳಿ ಪಡುವಣದಿಂದ ಬೀಸತದ ರಿ. ಆ ಕಡಿ ಹೋಗುವಾಗ ಎದುರಾಗತದ, ಬರುವಾಗ ಬೆನ್ನಿಗಿರತದ. ಎಲ್ಲೋ ಸಂದಿ ಅದ," ಎಂದ. ವಿರೂಪಣ್ಣ ಅವನ ಮುಖವನ್ನು ನೆಟ್ಟಗೆ ನೋಡಿ ತಲೆ ಆಡಿಸಿದ. ಗುರುತಿನ ಎಳೆಯೂ ಆ ಕಣ್ಣಲ್ಲಿರಲಿಲ್ಲ. ಅಂದಿನ ಏಟಿಗಿಂತ ಇದು ಹೆಚ್ಚು ಉರಿಯಿತು. ತನ್ನ ಬದುಕಿನ ದಾರಿ ತಪ್ಪಿಸಿದ ಆ ದಿನ ಇವನಿಗೆ ಊಟವಾದ ಮೇಲೆ ಮರೆತ ದಿನ.

ವಿರೂಪಣ್ಣ ಚಹಾ ಕುಡಿಯಲು ಹೋದಾಗ ಅಲ್ಲಾಬಕ್ಷ್ ಹತ್ತಿರ ಬಂದು ದಖ್ಖನಿಯಲ್ಲಿ ಕೇಳಿದ, "ಯಹೀಚ್ ಹೈ ಕ್ಯಾ ರೇ?"

ಕಿವಿಗೆ ಹೊಡೆದವನು ಇವನೇ ಎಂದು ಜಿಲಾನಿ ತಲೆ ಆಡಿಸಿದ.

"ಹಂಗಾದರ ಸ್ಕ್ರೂಡ್ರೈವರ್ ತುದಿಯಿಂದ ರಬ್ಬರಿಗೆ ಒಂದು ಗೀರು ಎಳಿ. ಸಾಯೋತನಕ ಸೀಟಿ ಕೇಳಲಿ ಮಗ."

"ನಾಳಿ ಊರೆಲ್ಲಾ ಏನಂತಾರ? ಜಿಲಾನಿಗೂ ಆಗಲಿಲ್ಲ ಅಂತಾರ. ಅವನಿಗೆ ಹತ್ತೋದಿಲ್ಲ ಆ ಮಾತು, ನನಗ ಹತ್ತತದ."

ಜಿಲಾನಿ ಹಳೆಯ ಪತ್ರಿಕೆಯನ್ನು ಬೆರಳಗಲದ ಪಟ್ಟಿಗಳಾಗಿ ಹರಿದ. ಬಾಗಿಲಿನ ಅಂಚಿಗೆ ಒಂದೊಂದೇ ಪಟ್ಟಿ ಇಟ್ಟು ಬಾಗಿಲು ಹಾಕಿ ಹೊರಗಿನಿಂದ ಜಗ್ಗಿ ನೋಡಿದ. ಕೆಳಗಿನವು ಹರಿದರೂ ಬರಲಿಲ್ಲ. ಅಲ್ಲಿ ರಬ್ಬರ್ ಗಟ್ಟಿ ಹಿಡಿದಿತ್ತು. ಮೇಲೆ, ಚಾಲಕನ ಕಿವಿಯ ನೇರಕ್ಕಿರುವ ಹಿಂದಿನ ಮೂಲೆಯಲ್ಲಿ, ಪಟ್ಟಿ ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಬೆರಳು ಆಡಿಸಿದ. ಗಾಜಿನ ಚೌಕಟ್ಟು ನೂಲಿನಷ್ಟು ಹೊರಗೆ ಬಾಗಿತ್ತು. ದಿನಾ ಅದನ್ನೇ ಹಿಡಿದು ಜಗ್ಗಿ ಇಳಿದರೆ ಬಾಗದೆ ಏನಾದೀತು? ಹೊಸ ರಬ್ಬರ್ ಹಾಕಿದವನು ರಬ್ಬರ್ ನೋಡಿದ್ದ, ಗಾಜು ಬಿಚ್ಚಿದವನು ಗಾಜು ನೋಡಿದ್ದ. ಚೌಕಟ್ಟನ್ನು ಯಾರೂ ನೋಡಿರಲಿಲ್ಲ.

ಕಾಲು ತಾಸಿನಲ್ಲಿ ರೋಗ ಸಿಕ್ಕಿತ್ತು. ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಕಾಗದದ ಪಟ್ಟಿಗಳನ್ನು ಮುದುಡಿ ಜೇಬಿಗೆ ಹಾಕಿಕೊಂಡ.

"ಧಣಿ," ಎಂದ ವಿರೂಪಣ್ಣ ಬಂದ ಮೇಲೆ, "ಸೀಟಿ ಗಾಡಿಯಾಗ ಅದನೋ ನಿಮ್ಮ ಕಿವಿಯಾಗ ಅದನೋ, ಮೊದಲು ಅದು ತಿಳೀಬೇಕು. ಬಲಗಿವಿ ಮುಚ್ಚಿ ಓಡಿಸಿ ನೋಡೋಣ್ರಿ."

"ನನ್ನ ಕಿವಿಗೇನಾಗ್ಯಾದ?"

"ಊಟದಾಗೂ ಕೇಳತದ ಅಂದ್ರೆಲ್ಲ ನೀವೇ."

ವಿರೂಪಣ್ಣನ ಮುಖದಲ್ಲಿ ಸಣ್ಣ ಅಂಜಿಕೆ ಸುಳಿಯಿತು. ಅದನ್ನು ನೋಡಿ ಜಿಲಾನಿಗೆ ಸಿಹಿ ತಿಂದಂತಾಯಿತು. ಅಲ್ಲಾಬಕ್ಷನ ಅಂಗಡಿಯಿಂದ ಹಿಡಿ ಹತ್ತಿ ತಂದು, ಮೇಣಬತ್ತಿ ಕರಗಿಸಿದ ಮೇಣದಲ್ಲಿ ಹೊರಳಿಸಿ, ಆರಿದ ಮೇಲೆ ಉಂಡೆ ಕಟ್ಟಿ, ವಿರೂಪಣ್ಣನ ಬಲಗಿವಿಯೊಳಗೆ ತನ್ನ ಬೆರಳಿನಿಂದಲೇ ಒತ್ತಿದ. ಬೆಚ್ಚಗಿನ ಕಿವಿ. ಬೆರಳು ಅಲ್ಲಿ ಬೇಕಾದದ್ದಕ್ಕಿಂತ ಒಂದು ಕ್ಷಣ ಹೆಚ್ಚು ನಿಂತಿತು.

ವಿರೂಪಣ್ಣ ಸ್ಟೇರಿಂಗ್ ಹಿಡಿದ, ಜಿಲಾನಿ ಎಡಕ್ಕೆ ಕುಳಿತ. ಊರು ದಾಟುವ ಮೊದಲೇ ಆಟ ಶುರುವಾಯಿತು. ಬಲಗಡೆಯ ಬಂಡಿಯಿಂದ ಯಾರೋ "ಶರಣ್ರೀ ಧಣಿ" ಎಂದರೆ ವಿರೂಪಣ್ಣ ಎಡಕ್ಕೆ ತಿರುಗಿ ಕೈ ಮುಗಿದ. ಬಂಡಿಯಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

"ಯಾರದು ಕರದವರು?"

"ಆ ಕಡಿ ಇದ್ರು ರಿ," ಎಂದ ಜಿಲಾನಿ. ಯಾವ ಕಡೆಯೆಂದು ಹೇಳಲಿಲ್ಲ.

ಗಬ್ಬೂರು ದಾಟಿದ ಮೇಲೆ ಬಯಲು. ಗಾಳಿ ಬಾನೆಟ್ಟಿಗೆ ಬಡಿಯತೊಡಗಿತು. ಐವತ್ತಕ್ಕೆ ಬಂದಾಗ ಜಿಲಾನಿಯ ಎಡಗಿವಿಗೂ ಸೀಟಿ ಸಣ್ಣಗೆ ಕೇಳಿಸಿತು. ವಿರೂಪಣ್ಣ ಕುತ್ತಿಗೆ ಅತ್ತ ಇತ್ತ ತಿರುಗಿಸುತ್ತ, "ಈಗ ನಿನ್ನ ಕಡಿಂದ ಬರಾಕತ್ತದಲ್ಲೋ," ಎಂದ. ಜಿಲಾನಿ ಹಿಂದಿನ ಗಾಜಿನತ್ತ ಹೊರಳಿದ. ಕೆಂಪು ಬಸ್ಸೊಂದು ದೂಳೆಬ್ಬಿಸುತ್ತ ಬರುತ್ತಿತ್ತು, ಬಲಗಡೆಯಿಂದ ದಾಟಲು ಹೊರಳಿತ್ತು.

ಬಸ್ಸು ಬರುತ್ತಿದೆ ಎನ್ನಲು ಎಷ್ಟು ಹೊತ್ತು ಬೇಕು? ಜಿಲಾನಿ ಬಾಯಿ ಬಿಡಲಿಲ್ಲ.

ಬಸ್ಸು ಹಾರ್ನ್ ಹೊಡೆಯಿತು. ಸದ್ದು ಎಡಕ್ಕೆ ಕೇಳಿಸಿದ ವಿರೂಪಣ್ಣ, ಎಡದವರಿಗೆ ದಾರಿ ಬಿಡುವವನಂತೆ ಸ್ಟೇರಿಂಗನ್ನು ಬಲಕ್ಕೆ ಎಳೆದ. ಬಸ್ಸಿನ ಕೆಂಪು ಮೈ ಗೇಣಿನ ಅಂತರದಲ್ಲಿ ಎದ್ದು ನಿಂತಿತು. ಅದರ ಕಿಟಕಿಯಲ್ಲಿ ಒಬ್ಬ ಮುದುಕಿ, ತಲೆಯ ಸೆರಗು ಹಿಡಿದುಕೊಂಡವಳು, ಜಿಲಾನಿಯನ್ನೇ ನೋಡುತ್ತಿದ್ದಳು. ಬಸ್ಸಿನ ಡ್ರೈವರ್ ರಸ್ತೆ ಬಿಟ್ಟು ಇಳಿಸಿದ, ಜಾಲಿಗಿಡಗಳನ್ನು ಉಜ್ಜಿಕೊಂಡು ಮತ್ತೆ ರಸ್ತೆಗೆ ಏರಿದ, ತಲೆ ಹೊರಗೆ ಹಾಕಿ ತಾಯಿ ಹಿಡಿದು ಬೈಯುತ್ತ ಹೋದ.

ವಿರೂಪಣ್ಣ ಗಾಡಿ ಬದಿಗೆ ನಿಲ್ಲಿಸಿದ. ಆ ಮುದುಕಿ ತನಗೇನು ಮಾಡಿದ್ದಳು ಎಂದುಕೊಂಡ ಜಿಲಾನಿ. ಆದರೆ ಸುಳ್ಳು ಹೇಳಬಾರದು: ಆ ಅಳುಕಿನ ಅಡಿಯಲ್ಲಿ ಒಂದು ಸಂತೋಷವೂ ಇತ್ತು, ಇವನಿಗೆ ತಿಳಿಯಿತು ಎಂಬುದು.

"ಯಾವ ಕಡಿಂದ ಬಂತದು?" ಎಂದ ವಿರೂಪಣ್ಣ.

"ಬಲಗಡಿಂದ ರಿ."

"ನನಗ ಎಡಕ್ಕ ಕೇಳಿಸ್ತಲ್ಲೋ ಮಾರಾಯ."

"ಒಂದು ಕಿವಿ ಇಲ್ಲದವನಿಗೆ ಹಂಗೇ ರಿ. ಲೋಕವೆಲ್ಲಾ ಒಂದೇ ಕಡಿ."

ವಿರೂಪಣ್ಣನ ಕೈ ಕಿವಿಯ ಮೇಣದತ್ತ ಹೋಯಿತು. "ತಗೀಬ್ಯಾಡ್ರಿ, ಪರೀಕ್ಷಾ ಮುಗದಿಲ್ಲ," ಎಂದ ಜಿಲಾನಿ. ಧಣಿಯ ಕೈ ಕೆಳಗಿಳಿಯಿತು. ಹೇಳಿದಂತೆ ಕೇಳಿದ.

ಜಿಲಾನಿ ಇಳಿದು ಬಲಕ್ಕೆ ಬಂದ. ಬಾಗಿಲು ತೆರೆದು, ಕೆಳಗಿನ ಅಂಚಿಗೆ ಕಟ್ಟಿಗೆ ತುಂಡು ಕೊಟ್ಟು, ಮೊಣಕಾಲು ಒತ್ತಿ ಚೌಕಟ್ಟಿನ ಮೇಲ್ಮೂಲೆಯನ್ನು ಒಳಕ್ಕೆ ಅಮುಕಿದ. ಒಮ್ಮೆ, ಇನ್ನೊಮ್ಮೆ. ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಜಗ್ಗಿದ. ಪಟ್ಟಿ ಹರಿಯಿತು, ಬರಲಿಲ್ಲ. ಇಷ್ಟೇ ಕೆಲಸ. "ಇನ್ನ ಮ್ಯಾಲೆ ಚೌಕಟ್ಟು ಹಿಡದು ಇಳೀಬ್ಯಾಡ್ರಿ" ಎನ್ನಲು ಕಿಟಕಿಗೆ ಬಾಗಿದ. ಬಾಯಿಂದ ಬಂದ ಮಾತು ಬೇರೆ.

"ಎಪ್ಪತ್ತೊಂದರಾಗ ದೇವದುರ್ಗದ ಬಸ್‌ಸ್ಟ್ಯಾಂಡ್ ಮುಂದ ಒಬ್ಬ ಲಾರಿ ಡ್ರೈವರ್‌ಗೆ ಹೊಡದ್ರಿ ನೀವು. ಹಾರ್ನ್ ಹೊಡದಿದ್ದಕ್ಕ. ಆ ಡ್ರೈವರ್ ನಾನು. ಈ ಕಿವಿ ಅವತ್ತೇ ಹೋತು. ಹೊಡದೀನಿ ಅಂತ ಒಂದು ಮಾತು ಹೇಳ್ರಿ. ಬ್ಯಾರೆ ಏನೂ ಬ್ಯಾಡ."

ವಿರೂಪಣ್ಣ ಎದುರಿನ ರಸ್ತೆಯನ್ನೇ ನೋಡುತ್ತಿದ್ದ. ಎರಡೂ ಕೈ ಸ್ಟೇರಿಂಗ್ ಮೇಲಿದ್ದವು. "ಹೂಂ" ಎಂದ. ಆಮೇಲೆ, "ಹತ್ತು, ಹೋಗೋಣು."

ಆಗ ಜಿಲಾನಿಗೆ ಹೊಳೆಯಿತು: ಹದಿಮೂರು ವರ್ಷ ಕಾಯ್ದಿಟ್ಟ ಮಾತನ್ನು ತಾನೇ ಮೇಣ ತುಂಬಿದ ಕಿವಿಗೆ ಹೇಳಿದ್ದ. ಗಾಳಿ ಬೇರೆ ಭೋರಿಡುತ್ತಿತ್ತು. ಎಡಗಡೆ ಹೋಗಿ ಕುಳಿತ. ವಿರೂಪಣ್ಣನ ಒಳ್ಳೆಯ ಕಿವಿ ಮೊಳದಷ್ಟು ದೂರದಲ್ಲಿತ್ತು. ಇನ್ನೊಮ್ಮೆ ಹೇಳಬಹುದಿತ್ತು. ಬಸ್ಸಿನ ಮುದುಕಿ ಕಣ್ಣ ಮುಂದೆ ಬಂದಳು. ಬಾಗಿಲು ಎಳೆದುಕೊಂಡ.

ವಿರೂಪಣ್ಣ ಮೇಣದ ಉಂಡೆ ಕಿತ್ತು ಕಿಟಕಿಯಾಚೆ ಎಸೆದು ಗಾಡಿ ಓಡಿಸಿದ. ನಲವತ್ತು, ಐವತ್ತು, ಅರವತ್ತು. ಸೀಟಿ ಇರಲಿಲ್ಲ. "ಹೋತು ನೋಡು," ಎಂದ. ದೇವದುರ್ಗ ಹತ್ತು ಮೈಲಿಯೂ ಇರಲಿಲ್ಲ. ಅವನ ಮನೆ, ಮಿಲ್ಲು ಎರಡೂ ಅಲ್ಲೇ. ಜಿಲಾನಿಯನ್ನು ಯಾವುದಾದರೂ ಬಸ್ಸಿಗೆ ಹತ್ತಿಸಿ ಕಳಿಸಿದ್ದರೆ ಆಗುತ್ತಿತ್ತು. ಅವನು ಗಾಡಿ ತಿರುಗಿಸಿ ರಾಯಚೂರಿನ ಓಣಿಯ ತನಕ ತಂದು ಬಿಟ್ಟ. ಆಮೇಲೆ ಆ ಅಂಗಡಿಗೆ ಎಂದೂ ಬರಲಿಲ್ಲ.

"ಕೇಳಿಸಿತ್ತೇನು ಅವನಿಗೆ?" ಎಂದು ಅಲ್ಲಾಬಕ್ಷ್ ಎಷ್ಟೋ ಸಲ ಕೇಳಿದ. ಜಿಲಾನಿ ಒಮ್ಮೆ ಕೇಳಿಸಿತ್ತು ಎನ್ನುತ್ತಿದ್ದ, ಒಮ್ಮೆ ಇಲ್ಲ ಎನ್ನುತ್ತಿದ್ದ. ಮಾತು ಹೇಳಲು ಮೇಣದ ಕಿವಿಯ ಕಡೆಯನ್ನು ತಾನು ಮರೆತು ಆರಿಸಿಕೊಂಡನೋ ಅಂಜಿ ಆರಿಸಿಕೊಂಡನೋ, ಅದೂ ಅವನಿಗೆ ತಿಳಿದಿರಲಿಲ್ಲ. ಆ "ಹೂಂ" ಹೊಡೆದದ್ದಕ್ಕೋ, ಬಾಗಿಲು ಸರಿಹೋಯಿತೆಂಬುದಕ್ಕೋ, ಬರೀ ಮಾತು ಮುಗಿಸುವುದಕ್ಕೋ, ಗೊತ್ತಿಲ್ಲ.